ಮನೆಯಲ್ಲೇ ಟೀ ಇದೆಯಲ್ಲ!

ಸಹೋದರಿಯರೇ, ಒಂದು ಪ್ರಶ್ನೆ ಕೇಳಲೇ? ನಿಮ್ಮಲ್ಲಿ ಎಷ್ಟು ಮಂದಿ ಹೋಟೆಲಿನಲ್ಲಿ ಒಬ್ಬರೇ ಕುಳಿತು ತಿಂದಿದ್ದೀರಿ? ಗಂಡ ಮಕ್ಕಳೊಂದಿಗೆ ಪೇಟೆಗೆ ಹೋದಾಗ ಫ್ಯಾಮಿಲಿ ರೂಮಿನ ಪರದೆಯ ಹಿಂದೆ ಕುಳಿತು ದೋಸೆ ತಿಂದದ್ದನ್ನು ನಾನು ಕೇಳುತ್ತಿಲ್ಲ. ಆಸ್ಪತ್ರೆಯಲ್ಲಿ ತಮ್ಮ ಕಟ್ಟಿಸಿಕೊಂಡು ಬಂದ ಇಡ್ಲಿಯನ್ನು ಬೆಂಚಿನ ಮೇಲೆ ತಿಂದದ್ದೂ ಅಲ್ಲ. ಜೊತೆಗೆ ಯಾರೂ ಇಲ್ಲದೆ ನೀವೇ ಒಳಗೆ ಹೋಗಿ, ನೀವೇ ತಿಂಡಿ ಹೇಳಿ, ತಿಂದು, ನೀವೇ ದುಡ್ಡು ಕೊಟ್ಟು ಎದ್ದು ಬಂದದ್ದು. ಹೆಚ್ಚಿನವರು ‘ಇಲ್ಲ’ ಎನ್ನುತ್ತೀರಿ ಎಂದುಕೊಂಡಿದ್ದೇನೆ. ನನಗೂ ನಲವತ್ತಮೂರು ವರ್ಷ ತುಂಬುವವರೆಗೆ ಆ ಅನುಭವ ಇರಲಿಲ್ಲ.

ನಾನು ಚಳ್ಳಕೆರೆಗೆ 2000ರಲ್ಲಿ ಸೊಸೆಯಾಗಿ ಬಂದವಳು. ಮದುವೆಗೆ ಮೊದಲು ಮದ್ರಸದಲ್ಲಿ ಐದು ವರ್ಷ ಓದಿ ಆಲಿಮಾ ಕೋರ್ಸ್ ಮುಗಿಸಿದ್ದೆ. ಬಿ.ಎ. ಮಾಡಿದ್ದು ಮದುವೆಯ ನಂತರ. ಅದು ಹೇಗಾಯಿತೆಂದು ಮುಂದೆ ಹೇಳುತ್ತೇನೆ. ಯಜಮಾನರು ಲಾರಿ ಓಡಿಸುತ್ತಾರೆ. ತಿಂಗಳಿಗೆ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳು ಮದುವೆಯಾಗಿ ದಾವಣಗೆರೆಗೆ ಹೋದಳು. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. 2023ರಲ್ಲಿ ಮೊಳಕಾಲ್ಮುರಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಸಂಬಳ ಕಡಿಮೆ. ಅದರಲ್ಲಿ ದಿನಾ ಹೋಗಿ ಬರುವ ಬಸ್ ಚಾರ್ಜು ಕಳೆದರೆ ಉಳಿಯುವುದೇನು ಎಂದು ಯೋಚಿಸುತ್ತಿದ್ದಾಗಲೇ, ಆ ವರ್ಷದ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರಕಾರಿ ಬಸ್ಸು ಉಚಿತವಾಯಿತು. ಒಪ್ಪಿಕೊಂಡೆ.

ಬೆಳಗಿನ ಬಸ್ಸು ಬಳ್ಳಾರಿ ರಸ್ತೆಯಲ್ಲಿ ತಳಕು ದಾಟಿ, ಹಾನಗಲ್ ಬಳಿ (ಹಾವೇರಿಯ ಹಾನಗಲ್ ಅಲ್ಲ, ಇದು ನಮ್ಮದು) ಹೆದ್ದಾರಿ ಬಿಟ್ಟು ಮೊಳಕಾಲ್ಮುರಿನ ಕಲ್ಲುಗುಡ್ಡಗಳ ಕಡೆಗೆ ತಿರುಗುತ್ತದೆ. ಫಜ್ರ್ ನಮಾಝ್ ಮುಗಿಸಿ ಹೊರಡುವ ಹೊತ್ತಿಗೆ ನನಗೆ ಏನೂ ತಿನ್ನಲಾಗುವುದಿಲ್ಲ. ತಿಂದು ಬಸ್ಸು ಹತ್ತಿದರೆ ತಳಕಿನವರೆಗೂ ಹೊಟ್ಟೆ ತಡೆಯುವುದಿಲ್ಲ. ಕೈಯಲ್ಲಿರುವುದು ಮಧ್ಯಾಹ್ನದ ಬುತ್ತಿ ಮಾತ್ರ. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇದೆ. ಇಪ್ಪತ್ತು ವರ್ಷ ಮನೆ ತುಂಬ ಜನರಿಗೆ ರೊಟ್ಟಿ ತಟ್ಟಿದ ಕೈ, ಒಬ್ಬಳಿಗಾಗಿ ಒಲೆ ಹಚ್ಚಲು ಏಕೋ ಹಿಂದೇಟು ಹಾಕುತ್ತದೆ. ಮಕ್ಕಳನ್ನು ದೂರ ಕಳುಹಿಸಿದ ತಾಯಂದಿರಿಗೆ ಇದು ಅರ್ಥವಾದೀತು.

ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹೋಟೆಲ್ ಇದೆ. ಬೋರ್ಡೂ ಇಲ್ಲ. ತಗಡಿನ ಮಾಡು, ನಾಲ್ಕು ಟೇಬಲ್ಲು, ಗೋಡೆಗೆ ತಾಗಿಸಿದ ಎರಡು ಉದ್ದ ಬೆಂಚು, ಬಾಗಿಲಲ್ಲೇ ಬಜ್ಜಿಯ ಬಾಣಲೆ. ಮಾಂಸ ಮಾಡದ ಹೋಟೆಲ್ ಆದ್ದರಿಂದ ಹಲಾಲ್ ಹರಾಮ್ ಚಿಂತೆ ಇರಲಿಲ್ಲ. ಇದ್ದ ಚಿಂತೆಯೇ ಬೇರೆ. ಒಳಗೆ ಕುಳಿತವರೆಲ್ಲ ಗಂಡಸರು, ಅದೂ ವಯಸ್ಸಾದವರು. ಬುರ್ಖಾ ಹಾಕಿದ ಹೆಂಗಸೊಬ್ಬಳು ಅವರ ನಡುವೆ ಹೋಗಿ ಕೂರುವುದೇ? ಎರಡು ದಿನ ಹೋಟೆಲಿನ ಎದುರು ನಡಿಗೆ ನಿಧಾನ ಮಾಡಿ ಮುಂದೆ ಹೋದೆ. ಮೂರನೆಯ ದಿನ ಪಾಠ ಮಾಡುತ್ತಿರುವಾಗ ತಲೆ ತಿರುಗಿ ಕುರ್ಚಿ ಹಿಡಿದುಕೊಂಡೆ. ನಾಲ್ಕನೆಯ ದಿನ ಒಳಗೆ ಹೋದೆ.

ಎಲ್ಲರ ಮಾತೂ ನಿಂತಿತು. ಹೋಟೆಲಿನವರು ಗಡಿಬಿಡಿಯಿಂದ “ಒಳಗೆ ಬನ್ನಿ ಅಮ್ಮ, ಫ್ಯಾಮಿಲಿ ರೂಮ್ ಐತೆ” ಎಂದು ಪರದೆ ಸರಿಸಿದರು. ಈರುಳ್ಳಿ ಚೀಲ, ಮಂಡಕ್ಕಿ ಮೂಟೆ, ಖಾಲಿ ಎಣ್ಣೆ ಡಬ್ಬಗಳ ನಡುವೆ ಒಂದು ಟೇಬಲ್ಲು. ಆ ರೂಮಿಗೆ ಫ್ಯಾಮಿಲಿ ಬಂದು ಎಷ್ಟು ವರ್ಷವಾಗಿತ್ತೋ! “ಇಲ್ಲೇ ಕೂರ್ತೀನಿ ಅಣ್ಣ” ಎಂದು ಬಾಗಿಲ ಪಕ್ಕದ ಮೂಲೆಯಲ್ಲಿ, ಮುಖದ ಪರದೆ ಸರಿಸಿ ತಿನ್ನಲು ಅನುಕೂಲವಾಗುವಂತೆ ಗೋಡೆಯ ಕಡೆ ತಿರುಗಿ ಕುಳಿತೆ. ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ, ಎರಡು ಮೆಣಸಿನಕಾಯಿ ಬಜ್ಜಿ, ಒಂದು ಟೀ. ಐದು ನಿಮಿಷದಲ್ಲಿ ಮುಗಿಸಿ ಎದ್ದೆ. ರುಚಿ ನೋಡಿದ ನೆನಪಿಲ್ಲ. ಬಜ್ಜಿಯ ಖಾರ ಮಾತ್ರ ಎರಡನೇ ಪೀರಿಯಡ್‌ವರೆಗೂ ನಾಲಿಗೆಯ ಮೇಲಿತ್ತು.

ಅಂದು ರಾತ್ರಿ ಸೂರಃ ಅನ್ನೂರ್ ನೆನಪಾಯಿತು. ಅದರ 61ನೇ ಸೂಕ್ತದಲ್ಲಿ, ಜೊತೆಯಾಗಿ ಉಣ್ಣುವುದಕ್ಕೂ ಬೇರೆ ಬೇರೆಯಾಗಿ ಉಣ್ಣುವುದಕ್ಕೂ ಅಲ್ಲಾಹನು ಅನುಮತಿ ಕೊಟ್ಟಿದ್ದಾನೆ. ಇಷ್ಟು ಸಣ್ಣ ವಿಷಯಕ್ಕೆ ಸೂಕ್ತವೇಕೆ ಎಂದು ಹುಡುಗಿಯಾಗಿದ್ದಾಗ ತರಗತಿಯಲ್ಲಿ ಕೇಳಿದ್ದೆ. ಉಸ್ತಾದರು ಇಬ್ನು ಕಸೀರ್‌ರ ತಫ್ಸೀರ್ ತೆರೆದು ಹೇಳಿದ್ದರು: ಅರಬರ ಕಿನಾನ ಗೋತ್ರದವರಲ್ಲಿ ಒಬ್ಬನೇ ಉಣ್ಣುವುದು ಅವಮಾನವೆಂಬ ಭಾವನೆ ಇತ್ತಂತೆ. ಹೊಟ್ಟೆ ಎಷ್ಟೇ ಹಸಿದಿರಲಿ, ಜೊತೆಗೆ ಉಣ್ಣುವವರೊಬ್ಬರು ಸಿಗುವವರೆಗೆ ಒಂಟೆ ಹೊಡೆದುಕೊಂಡು ಮುಂದೆ ಮುಂದೆ ಹೋಗುತ್ತಿದ್ದರಂತೆ. ಜೊತೆಯ ಊಟದಲ್ಲಿ ಬರಕತ್ ಇದೆಯೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ, ನಿಜ. ಎಷ್ಟು ಉಂಡರೂ ಹೊಟ್ಟೆ ತುಂಬುವುದಿಲ್ಲ ಎಂದ ಸಹಾಬಿಗಳನ್ನು, ನೀವು ಬೇರೆ ಬೇರೆ ಉಣ್ಣುತ್ತಿದ್ದೀರೇನೋ ಎಂದು ವಿಚಾರಿಸಿದ ಹದೀಸ್ ಅಬೂದಾವೂದ್‌ನಲ್ಲಿದೆ. ಆದರೆ ಜೊತೆ ಸಿಗದವರು ಹಸಿದೇ ಇರಬೇಕೆಂದು ಯಾರೂ ಹೇಳಿಲ್ಲ. ಮರುದಿನವೂ ಹೋದೆ.

ಎರಡನೇ ವಾರದ ಹೊತ್ತಿಗೆ ಒಂದು ವಿಷಯ ಗಮನಕ್ಕೆ ಬಂತು. ಗೋಡೆ ಕಡೆಗಿರುವ ಆ ಮೂಲೆಯ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಬೆಂಚಿನಲ್ಲಿ ಒತ್ತೊತ್ತಾಗಿ ಕುಳಿತರೂ ಅದನ್ನು ಖಾಲಿ ಬಿಟ್ಟಿರುತ್ತಿದ್ದರು. ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿಗೆ ದಿನಾ ಬರುವವರು ಐದಾರು ಮಂದಿ. ಒಬ್ಬರು ನೇಕಾರ ತಾತ. ಮೊಳಕಾಲ್ಮುರಿನ ರೇಷ್ಮೆ ಸೀರೆ ನಿಮಗೆಲ್ಲ ಗೊತ್ತೇ ಇದೆ, ಭೌಗೋಳಿಕ ಸೂಚಿಯ ಮಾನ್ಯತೆಯೂ ಅದಕ್ಕೆ ಸಿಕ್ಕಿದೆ. ಈ ತಾತ ಐವತ್ತು ವರ್ಷ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಆ ಸೀರೆ ನೇಯ್ದವರು. ಈಗ ಮೊಣಕಾಲು ಮಡಚಲು ಬರುವುದಿಲ್ಲ. “ಊರ ಹೆಸರಲ್ಲೇ ಮೊಳಕಾಲು ಮುರಿದೈತೆ, ನಂದೇನು ದೊಡ್ಡದು!” ಎಂದು ಅವರೇ ನಗುತ್ತಾರೆ. ಇನ್ನೊಬ್ಬರು ನಿವೃತ್ತ ಪೋಸ್ಟ್‌ಮ್ಯಾನ್, ಊರಿನ ಪ್ರತಿ ಮನೆಯ ಹಳೆಯ ಕತೆ ಅವರಿಗೆ ಗೊತ್ತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬರುವ ಕುರಿ ವ್ಯಾಪಾರಿ ರಾಯದುರ್ಗದ ಕಡೆಯವರು. ಹಳೇ ಬಸ್ ಡ್ರೈವರ್ ಒಬ್ಬರು ನಮ್ಮವರೇ. ನಾನು ‘ಚಾಚಾ’ ಎನ್ನುತ್ತೇನೆ. ಬಂದವಳೇ ಸಲಾಮ್ ಹೇಳಿದರೆ ಅವರ ಜೊತೆಗೆ ಉಳಿದ ನಾಲ್ವರೂ ಜವಾಬು ಕೊಡುವುದನ್ನು ರೂಢಿ ಮಾಡಿಕೊಂಡಿದ್ದಾರೆ!

ಯಾರೂ ಪೂರ್ತಿ ಟೀ ಕುಡಿಯುವುದಿಲ್ಲ. ಎಲ್ಲ ಬೈ ಟು. ದುಡ್ಡು ಉಳಿಸಲಿಕ್ಕೆ ಎಂದುಕೊಂಡಿದ್ದೆ. ಆಮೇಲೆ ನೋಡಿದರೆ, ಬೈ ಟು ಹೇಳಬೇಕೆಂದರೆ ಜೊತೆಗೆ ಇನ್ನೊಬ್ಬರು ಇರಲೇಬೇಕು! ಬೆಳಗಿನ ಪೇಪರ್ ಒಂದೇ. ಅದರ ಹಾಳೆಗಳನ್ನು ಬಿಡಿಸಿ ಹಂಚಿಕೊಳ್ಳುತ್ತಾರೆ. ಒಂದು ದಿನ ಪೋಸ್ಟ್‌ಮ್ಯಾನ್ ತಾತ ಸದ್ದಿಲ್ಲದೆ ಮೂರನೇ ಪುಟವನ್ನು ನನ್ನ ಟೇಬಲ್ಲಿನ ಮೇಲಿಟ್ಟು ಹೋದರು. ಅಂದಿನಿಂದ ಮೂರನೇ ಪುಟ ನನ್ನದು. ಬದಲಿಗೆ ನನ್ನಿಂದ ಆಗುವ ಕೆಲಸ ಅವರೂ ಹೇಳುತ್ತಾರೆ. ಮಾತ್ರೆ ಚೀಟಿ ಓದುವುದು, ಬ್ಯಾಂಕಿನ ಕೆವೈಸಿ ಫಾರಂ ತುಂಬುವುದು, ಸಂಧ್ಯಾ ಸುರಕ್ಷಾ ಪಿಂಚಣಿ ಈ ತಿಂಗಳು ಏಕೆ ಬರಲಿಲ್ಲವೆಂದು ಅರ್ಜಿ ಬರೆಯುವುದು. ಅರ್ಜಿ ಬರೆದ ದಿನ ಟೀ ದುಡ್ಡು ತೆಗೆದುಕೊಳ್ಳಬೇಡಿ ಎಂದು ಹೋಟೆಲಿನವರಿಗೆ ಕಣ್ಸನ್ನೆ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಜಗಳವಾಗುತ್ತದೆ.

ರಮಝಾನಿನಲ್ಲಿ ಒಂದು ತಿಂಗಳು ಹೋಗಲಿಲ್ಲ. ಈದ್ ಕಳೆದು ಶೀರ್‌ಖುರ್ಮಾದ ಡಬ್ಬಿಯೊಂದಿಗೆ ಹೋದಾಗ ಕುರಿ ವ್ಯಾಪಾರಿ ತಾತ, “ನಿಮ್ಮ ಮೂಲೆ ಬಣಬಣ ಅಂತಿತ್ತಮ್ಮ” ಎಂದರು. ನನ್ನ ಸ್ವಂತ ಮನೆಯಲ್ಲಿ ನಾನು ಇಲ್ಲದಿದ್ದರೆ ಬಣಬಣ ಎನ್ನುವವರು ಈಗ ಯಾರೂ ಇಲ್ಲ. ಬಸ್ಸಿನಲ್ಲಿ ಬರುವಾಗ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಮನೆಯ ವಿಷಯ, ಅದರಲ್ಲೂ ಸೊಸೆಯಂದಿರ ವಿಷಯ ಬಂದರೆ ಅವರು ಕನ್ನಡ ಬಿಟ್ಟು ತೆಲುಗಿಗೆ ಹೊರಳುತ್ತಾರೆ. ಟೀಚರಮ್ಮನಿಗೆ ಗೊತ್ತಾಗಬಾರದು ಎಂದು. ಗಡಿ ಊರಿನಲ್ಲಿ ಬೆಳೆದ ನನಗೆ ತೆಲುಗು ಬರುತ್ತದೆಂದು ಅವರಿಗೆ ತಿಳಿಯಲು ಮೂರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಕೇಳಬಾರದ್ದನ್ನು ಸಾಕಷ್ಟು ಕೇಳಿದ್ದೆ. ದೂರುಗಳೇನೂ ಅಲ್ಲ. ಹಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಂದು ದಿನ ನೇಕಾರ ತಾತ ಹೇಳಿದರು: “ಸೊಸೆ ಒಳ್ಳೆಯವಳೇ. ಟೈಮಿಗೆ ಸರಿಯಾಗಿ ತಟ್ಟೆ ತಂದಿಡ್ತಾಳೆ. ಇಟ್ಟು ಹೋಗ್ತಾಳೆ.”

ಅಂದು ನನಗೆ ಬಜ್ಜಿ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಮಾವನವರು ಕಣ್ಣ ಮುಂದೆ ಬಂದು ನಿಂತರು.

ಮಾವನವರು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದವರು. ಹಿಂದೆ ಚಳ್ಳಕೆರೆಯನ್ನು ಎಣ್ಣೆ ನಗರವೆಂದೂ ಎರಡನೇ ಬಾಂಬೆಯೆಂದೂ ಕರೆಯುತ್ತಿದ್ದರು. ಸುತ್ತಲಿನ ಹಳ್ಳಿಗಳ ಶೇಂಗಾ ಎಲ್ಲ ಇಲ್ಲಿಗೇ ಬರುತ್ತಿತ್ತು. ನಾನು ಸೊಸೆಯಾಗಿ ಬಂದಾಗಲೂ ಸಂಜೆಯ ಗಾಳಿಯಲ್ಲಿ ಶೇಂಗಾ ಹಿಂಡಿಯ ವಾಸನೆ ಇರುತ್ತಿತ್ತು. ಆದರೆ 1994ರಲ್ಲಿ ಪಾಮೋಲಿನ್ ಎಣ್ಣೆಯ ಆಮದನ್ನು ಸರಕಾರ ಮುಕ್ತಗೊಳಿಸಿ, ಮುಂದೆ ಸುಂಕವನ್ನೂ ಇಳಿಸುತ್ತಾ ಬಂದಮೇಲೆ ಅಗ್ಗದ ಎಣ್ಣೆಯ ಮುಂದೆ ಶೇಂಗಾ ಎಣ್ಣೆ ನಿಲ್ಲಲಿಲ್ಲ. ಜೊತೆಗೆ ಬರ ಬೇರೆ. ಒಂದೊಂದೇ ಮಿಲ್ಲು ಬಾಗಿಲು ಹಾಕಿತು. ನನ್ನ ಮದುವೆಯಾದ ಮರುವರ್ಷ ಮಾವನವರ ಮಿಲ್ಲೂ ನಿಂತಿತು.

ಆಮೇಲೆ ಅವರ ದಿನಚರಿ ಒಂದೇ. ಫಜ್ರ್‌ಗೆ ಮಸೀದಿ, ಅಲ್ಲಿಂದ ನೇರ ಹೋಟೆಲ್, ಒಂಬತ್ತಕ್ಕೆ ಮನೆ. ಅಲ್ಲಿ ಮಿಲ್ಲಿನ ಹಳೆಯ ಹಮಾಲಿಗಳು, ಗುಮಾಸ್ತರು, ಒಬ್ಬ ನಿವೃತ್ತ ಮೇಷ್ಟ್ರು ಸೇರುತ್ತಿದ್ದರಂತೆ. ‘ಅಂತೆ’ ಎನ್ನುತ್ತೇನೆ, ಏಕೆಂದರೆ ನಾನು ಯಾವತ್ತೂ ವಿಚಾರಿಸಲಿಲ್ಲ. ಅತ್ತೆ ಬದುಕಿರುವವರೆಗೆ ಗೊಣಗುತ್ತಲೇ ಕಳುಹಿಸುತ್ತಿದ್ದರು. 2004ರಲ್ಲಿ ಅತ್ತೆ ತೀರಿಕೊಂಡ ಮೇಲೆ ಮನೆಯ ಜವಾಬ್ದಾರಿ ನನ್ನ ಮೇಲೆ ಬಂತು, ಮನೆಯ ಮಾನ ಮರ್ಯಾದೆಯ ಚಿಂತೆಯೂ.

2009ರಲ್ಲಿ ಒಂದು ಮದುವೆಯ ಮನೆಯಲ್ಲಿ ಪರಿಚಯದ ಹೆಂಗಸೊಬ್ಬರು ನಾಲ್ಕು ಜನರ ಮುಂದೆ ಕೇಳಿದರು: “ನಿಮ್ಮ ಮಾವ ದಿನಾ ಹೋಟೆಲಲ್ಲೇ ತಿಂಡಿ ತಿಂತಾರಂತೆ, ನೀವು ಮಾಡಿ ಹಾಕಲ್ವಾ?” ನಾನು ಆಲಿಮಾ. ಹೆತ್ತವರ, ಹಿರಿಯರ ಸೇವೆಯ ಬಗ್ಗೆ ಹೆಂಗಸರ ಇಜ್ತಿಮಾದಲ್ಲಿ ಮಾತನಾಡುವವಳು. ನೆಲ ಬಾಯಿ ಬಿಡಬಾರದೇ ಅನಿಸಿತು. ಅದೇ ತಿಂಗಳು ಡಾಕ್ಟರು ಮಾವನವರಿಗೆ ಸಕ್ಕರೆ ಕಡಿಮೆ ಮಾಡಲು ಹೇಳಿದ್ದರು. ನೆಪ ಸಿಕ್ಕಿತು. “ಅಬ್ಬಾ, ಹೋಟೆಲ್ ಟೀ ತುಂಬಾ ಸಿಹಿ. ಮನೆಯಲ್ಲೇ ಟೀ ಇದೆಯಲ್ಲ, ನಾನೇ ಸಕ್ಕರೆ ಇಲ್ಲದೆ ಮಾಡಿಕೊಡ್ತೀನಿ” ಎಂದೆ. ಯಜಮಾನರೂ ದನಿಗೂಡಿಸಿದರು. ಮಾವ ನನ್ನ ಮುಖ ನೋಡಿ “ಆಯ್ತಮ್ಮ” ಎಂದರು, ಅಷ್ಟೇ.

ಮರುದಿನದಿಂದ ಮಸೀದಿಯಿಂದ ನೇರ ಮನೆಗೆ ಬಂದರು. ನಾನು ಏಳು ಗಂಟೆಗೆ ಸರಿಯಾಗಿ ಟೀ, ತಿಂಡಿ ತಂದು ಮುಂದಿಡುತ್ತಿದ್ದೆ. ಮಕ್ಕಳ ಶಾಲೆ, ಬುತ್ತಿ, ಬಟ್ಟೆ. ಇಟ್ಟು ಹೋಗುತ್ತಿದ್ದೆ.

ಎರಡನೇ ವಾರ ಒಬ್ಬ ಹುಡುಗ ಬಾಗಿಲಿಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಪಾರ್ಸಲ್ ಟೀ. “ಸಾಬ್ರು ತಾತ ಯಾಕೆ ಬರ್ತಿಲ್ಲ ಅಂತ ಕೇಳ್ಕಂಡು ಬಾ ಅಂದವ್ರೆ. ಹುಷಾರಿಲ್ಲ ಅಂದ್ರೆ ಇದು ಕೊಡು ಅಂದವ್ರೆ.” ಅಂದು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬೀದಿಯ ಹೋಟೆಲಿನಿಂದ ನಮ್ಮ ಮನೆಗೆ ಟೀ ಬರುವುದೆಂದರೇನು! “ನಮ್ಮ ಮನೆಯಲ್ಲೇ ಟೀ ಇದೆ, ವಾಪಸ್ ತಗೊಂಡು ಹೋಗು” ಎಂದು ಬಾಗಿಲು ಮುಚ್ಚಿದೆ. ತಿರುಗಿ ನೋಡಿದರೆ ಮಾವನವರು ಮಂಚದ ಮೇಲೆ ಎದ್ದು ಕುಳಿತಿದ್ದರು. ಹುಡುಗನ ಚಪ್ಪಲಿಯ ಸದ್ದು ಬೀದಿ ಕೊನೆಯವರೆಗೆ ಹೋಗುವುದನ್ನು ಕೇಳಿಸಿಕೊಳ್ಳುತ್ತಿದ್ದರು. ನನಗೆ ಏನೂ ಹೇಳಲಿಲ್ಲ.

ಆಮೇಲೆ ಅವರ ಮಾತು ಕಡಿಮೆಯ‌ಾಯಿತು. ಗಂಟೆಗೊಮ್ಮೆ ಟೈಮ್ ಎಷ್ಟು ಎಂದು ಕೇಳುವರು. ಮಗನ ಹೆಸರನ್ನೂ ಒಮ್ಮೊಮ್ಮೆ ಮರೆಯುವರು. ಸಕ್ಕರೆ ಮಾತ್ರ ಕಂಟ್ರೋಲಿಗೆ ಬಂತು. ಡಾಕ್ಟರು ನನ್ನನ್ನು ಹೊಗಳಿದರು. 2011ರಲ್ಲಿ ಮಾವ ತೀರಿಕೊಂಡರು, ಇನ್ನಾಲಿಲ್ಲಾಹ್. ಹೋಟೆಲಿಗೆ ಹೋಗುವುದು ತಪ್ಪಿದ್ದರಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ಆಯುಷ್ಯ ಅಲ್ಲಾಹನ ಕೈಯಲ್ಲಿದೆ. ಆದರೆ ಕೊನೆಯ ಆ ಎರಡು ವರ್ಷಗಳನ್ನು ನಾನು ಅವರಿಗೆ ಹೇಗೆ ಕೊಟ್ಟೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಜನಾಝದ ದಿನ ಬೆಳಗಿನಿಂದ ಏಳೆಂಟು ಮುದುಕರು ನಮ್ಮ ಬೀದಿಯಲ್ಲಿ ನಿಂತಿದ್ದರು. ಹಣೆಗೆ ವಿಭೂತಿ ಹಚ್ಚಿದವರೂ ಅವರಲ್ಲಿದ್ದರು. ಕಬರಸ್ಥಾನದವರೆಗೂ ನಡೆದು ಹೋದರಂತೆ. ನಾನು ಕಿಟಕಿಯಿಂದ ನೋಡಿದೆ. ಒಬ್ಬರ ಹೆಸರೂ ಗೊತ್ತಿರಲಿಲ್ಲ.

ಇನ್ನು ನನ್ನ ಬಿ.ಎ. ವಿಷಯ. 2003ರಲ್ಲಿ ಒಂದು ದಿನ ಮಾವ ಹೋಟೆಲಿನಿಂದ ಬಂದವರೇ ನನ್ನನ್ನು ಕರೆದು, “ಮೈಸೂರಿನಲ್ಲಿ ಓಪನ್ ಯೂನಿವರ್ಸಿಟಿ ಇದೆಯಂತೆ. ಮನೆಯಲ್ಲೇ ಓದಿ ಡಿಗ್ರಿ ಮಾಡಬಹುದಂತೆ. ನಮ್ಮ ಮೇಷ್ಟ್ರು ಹೇಳಿದರು. ನೀನು ಪಿಯುಸಿ ಮಾಡಿದೀಯಲ್ಲಮ್ಮ?” ಎಂದರು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲೇ ಶುರುವಾಗಿತ್ತು, ನಮ್ಮ ಮನೆಯಲ್ಲಿ ಯಾರಿಗೂ ಅದರ ಸುದ್ದಿ ಇರಲಿಲ್ಲ. ಮಿಲ್ಲಿನ ಲೆಕ್ಕ ಚುಕ್ತಾ ಮಾಡಿದಾಗ ಬಂದ ಹಣದಲ್ಲಿ ಅವರೇ ಫೀಸು ಕಟ್ಟಿದರು. ಆ ಮೇಷ್ಟ್ರು ಒಂದು ಹಳೆಯ ಇಂಗ್ಲಿಷ್-ಕನ್ನಡ ನಿಘಂಟನ್ನೂ ಕಳುಹಿಸಿದ್ದರು. ಈಗಲೂ ಅದು ನನ್ನ ಬಳಿ ಇದೆ. ಅದನ್ನು ಕೊಟ್ಟವರು ಕುಳಿತಿದ್ದ ಬೆಂಚನ್ನೇ ನಾನು ಆರು ವರ್ಷದ ನಂತರ ಸೋಮಾರಿಗಳ ಅಡ್ಡೆ ಎಂದೆ. ಫೀಸು ಕಟ್ಟಿದ್ದು ಮಾವ ಎಂಬುದು ಸದಾ ನೆನಪಿತ್ತು. ಸುದ್ದಿ ಬಂದದ್ದು ಹೋಟೆಲಿನಿಂದ ಎಂಬುದು ಮರೆತೇ ಹೋಗಿತ್ತು. ಮೊಳಕಾಲ್ಮುರಿನ ಆ ಮೂಲೆಯಲ್ಲಿ ಕುಳಿತಾಗಲೇ ಅದು ನೆನಪಾದದ್ದು.

ಹೋಟೆಲಿನಲ್ಲಿ ಕೂರುವವರ ಮೇಲೆ ಸಂಶಯ ಪಡುವುದು ನಾನು ಕಂಡುಹಿಡಿದದ್ದೇನೂ ಅಲ್ಲ. ಮಕ್ಕಾದಲ್ಲಿ 1511ರಲ್ಲಿ ಖಾಇರ್ ಬೇಗ್ ಎಂಬ ಅಧಿಕಾರಿ, ಜನ ಗುಂಪುಗೂಡಿ ಕಾಫಿ ಕುಡಿಯುವುದನ್ನು ಕಂಡು ಕಾಫಿಯನ್ನೇ ನಿಷೇಧಿಸಿ ಅಂಗಡಿಗಳನ್ನು ಮುಚ್ಚಿಸಿದ್ದ. ಆ ನಿಷೇಧ ಹೆಚ್ಚು ಕಾಲ ಉಳಿಯಲಿಲ್ಲ. ಉಳಿದಿದ್ದರೆ ಬಾಬಾ ಬುಡನ್‌ರವರು ಅರಬ್ ನಾಡಿನಿಂದ ಚಿಕ್ಕಮಗಳೂರಿಗೆ ಕಾಫಿ ಬೀಜ ತಂದರೆಂಬ ಕತೆಯೂ ನಮಗೆ ಇರುತ್ತಿರಲಿಲ್ಲ! ಈಗ ಕಾಲ ತಿರುಗಿದೆ. ಬ್ರಿಟನ್ನಿನಲ್ಲಿ 2018ರಲ್ಲಿ ಒಂಟಿತನದ ಸಮಸ್ಯೆ ನೋಡಿಕೊಳ್ಳಲಿಕ್ಕೆಂದೇ ಒಬ್ಬ ಸಚಿವರನ್ನು ನೇಮಿಸಿದರು. ನಮ್ಮ ಚಳ್ಳಕೆರೆಯಲ್ಲಿ ಆ ಖಾತೆಯನ್ನು ಹೋಟೆಲಿನವರು ನೋಡಿಕೊಳ್ಳುತ್ತಿದ್ದರು. ಪಾರ್ಸಲ್ ಟೀ ಕೊಟ್ಟು ಹುಡುಗನನ್ನು ಕಳುಹಿಸುವಷ್ಟು ಕಾಳಜಿ ಯಾವ ಖಾತೆಗೆ ಇರುತ್ತದೆ ಹೇಳಿ.

ಕಳೆದ ವರ್ಷ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಬಂಡೆಯ ಮೇಲೆ, ತಂದೆ ತಾಯಿಯ ಮಾತು ಕೇಳಿ ನಡೆಯಬೇಕೆಂಬ ಬೋಧನೆ ಇದೆ. ಮಕ್ಕಳಿಗೆ ವಿವರಿಸುತ್ತಿದ್ದೆ. ಒಬ್ಬಳು ಹುಡುಗಿ, “ಮಿಸ್, ಅವರು ಏನೂ ಮಾತೇ ಆಡದಿದ್ದರೆ?” ಎಂದು ಕೇಳಿದಳು. ಮಕ್ಕಳು ನಕ್ಕರು. ನಾನೂ ನಕ್ಕೆ. ಆದರೆ ‘ಆಯ್ತಮ್ಮ’ ಎಂದು ಸುಮ್ಮನಾದವರ ಮುಖ ಅಂದು ಇಡೀ ದಿನ ಬಿಡಲಿಲ್ಲ.

ಇಲ್ಲಿ ನಿಮಗೊಂದು ಪ್ರಶ್ನೆ ಬಂದಿರಬಹುದು. ಗಂಡಸರಿಗಾದರೆ ಹೋಟೆಲ್ ಇದೆ, ನಮ್ಮ ಅತ್ತೆಯಂದಿರಿಗೆ, ತಾಯಂದಿರಿಗೆ ಏನಿದೆ? ನನಗೂ ಇದೇ ಪ್ರಶ್ನೆ ಇದೆ. ಹೂ ಮಾರುವ ಅಜ್ಜಿಯೊಬ್ಬರು ದಿನಾ ಅದೇ ಹೋಟೆಲಿಗೆ ಬರುತ್ತಾರೆ, ಆದರೆ ಒಳಗೆ ಕೂರುವುದಿಲ್ಲ. ಮೆಟ್ಟಿಲ ಮೇಲೆ ಕುಳಿತು ತಮ್ಮದೇ ಲೋಟದಲ್ಲಿ ಟೀ ಹಾಕಿಸಿಕೊಳ್ಳುತ್ತಾರೆ. “ಒಳಗೆ ಬನ್ನಿ ಅಜ್ಜಿ, ನನ್ನ ಎದುರು ಕುರ್ಚಿ ಖಾಲಿ ಇದೆ” ಎಂದು ಎಷ್ಟೋ ಸಲ ಕರೆದಿದ್ದೇನೆ. “ಬ್ಯಾಡ ತಾಯಿ, ನಂಗೆ ಇಲ್ಲೇ ಸರಿ” ಎನ್ನುತ್ತಾರೆ. ನಾನೇ ಒಮ್ಮೊಮ್ಮೆ ಲೋಟ ಹಿಡಿದು ಬಾಗಿಲ ಬಳಿ ಹೋಗಿ ನಿಲ್ಲುತ್ತೇನೆ. ನನ್ನ ಅತ್ತೆ ತೀರಿಕೊಳ್ಳುವವರೆಗೆ ಮಾವನ ಹೋಟೆಲಿನ ಕತೆಗಳನ್ನು ಮಾತ್ರ ಕೇಳಿದವರು. ಆ ಗೊಣಗಾಟದಲ್ಲಿ ಹೊಟ್ಟೆಕಿಚ್ಚೂ ಇತ್ತೇನೋ ಎಂದು ಈಗ ಅನಿಸುತ್ತದೆ.

ಕಳೆದ ತಿಂಗಳು ನೇಕಾರ ತಾತ ಒಂದು ವಾರ ಬರಲಿಲ್ಲ. ಹೋಟೆಲಿನವರು, “ಮನೇರು ಬ್ಯಾಡ ಅಂದವ್ರಂತೆ. ದಾರೀಲಿ ಬಿದ್ದು ಗಿದ್ದರೆ ಯಾರು ನೋಡ್ತಾರೆ ಅಂತ” ಎಂದರು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಹೋಟೆಲಿನ ಹುಡುಗನನ್ನು ದಾರಿ ತೋರಿಸಲು ಕರೆದುಕೊಂಡು, ಒಂದು ಪಾರ್ಸಲ್ ಟೀ ಕಟ್ಟಿಸಿಕೊಂಡು ಅವರ ಮನೆಗೆ ಹೋದೆ. ಬಾಗಿಲು ತೆರೆದವಳು ಸೊಸೆ. ಮೂವತ್ತೈದು ವಯಸ್ಸಿರಬಹುದು. ಒಳಗೆ ಮಗ್ಗದ ಸದ್ದು, ಅವಳ ಕೈಯಲ್ಲಿ ರೇಷ್ಮೆ ನೂಲಿನ ಕಂಡಿಕೆ, ಸೆರಗು ಹಿಡಿದ ಒಂದು ಮಗು. ಟೀ ಕವರು ನೋಡಿದವಳೇ, “ಯಾಕಮ್ಮ, ನಮ್ಮನೇಲಿ ಟೀ ಮಾಡಲ್ವಾ?” ಎಂದಳು.

ಅವಳ ಮುಖದಲ್ಲಿದ್ದದ್ದು ಸಿಟ್ಟಲ್ಲ, ಅವಮಾನ. ಆ ಅವಮಾನ ನನಗೆ ಚೆನ್ನಾಗಿ ಗೊತ್ತು.

“ನಾನು ನಿಮ್ಮ ಮಾವನ ಜೊತೆ ಹೋಟೆಲಲ್ಲಿ ಟೀ ಕುಡಿಯೋಳು” ಎಂದೆ. ಬುರ್ಖಾ ಹಾಕಿದ ಹೆಂಗಸು ಹೀಗೆ ಹೇಳಿದ್ದಕ್ಕೆ ಅವಳು ಒಂದು ಕ್ಷಣ ಕಣ್ಣರಳಿಸಿ ನೋಡಿ, ಆಮೇಲೆ ನಕ್ಕುಬಿಟ್ಟಳು. ಒಳಗೆ ಕರೆದಳು. ತಾತ ಗೋಡೆಗೊರಗಿ ಕುಳಿತಿದ್ದರು. ಬಾತ ಮೊಣಕಾಲಿಗೆ ಎಣ್ಣೆ ಹಚ್ಚಿದ್ದರು. “ಟೀಚರಮ್ಮ ಬಂದೈತೆ” ಎಂದು ಎದ್ದೇಳಲು ನೋಡಿದರು. ತಂದ ಟೀ ತಣ್ಣಗಾಗಿತ್ತು. ಸೊಸೆ ಅದನ್ನೇ ಬಿಸಿ ಮಾಡಿ ಮೂರು ಲೋಟಕ್ಕೆ ಹಾಕಿದಳು. ತಾನೂ ಒಂದು ಲೋಟ ಹಿಡಿದು ನಮ್ಮ ಜೊತೆ ನೆಲದ ಮೇಲೆ ಕುಳಿತಳು. ತಾತ ಪೋಸ್ಟ್‌ಮ್ಯಾನ್ ಹೇಗಿದ್ದಾನೆ, ಕುರಿ ರೇಟು ಎಷ್ಟಾಗಿದೆ ಎಂದೆಲ್ಲ ಕೇಳಿದರು. ನನಗೆ ಕುರಿ ರೇಟು ಗೊತ್ತಿರಲಿಲ್ಲ.

ಹೊರಡುವಾಗ ಅವಳು ಬಾಗಿಲವರೆಗೆ ಬಂದು ದನಿ ತಗ್ಗಿಸಿ ಕೇಳಿದಳು. “ನೀವು ಓದಿದೋರು, ನೀವಾದ್ರೂ ಹೇಳ್ರಮ್ಮ. ಮನೇಲಿ ಎಲ್ಲಾ ಟೈಮಿಗೆ ಕೊಡ್ತೀನಿ. ಆದ್ರೂ ಅಲ್ಲಿಗೇ ಹೋಗ್ಬೇಕು ಅಂತ ಯಾಕೆ ಹಠ?”

ಬಸ್ಸಿನ ಹೊತ್ತಾಗಿತ್ತು. ಅಲ್ಲೇ ಜಗುಲಿಯ ಮೇಲೆ ಕುಳಿತು ನನ್ನ ಮಾವನ ಕತೆ ಹೇಳಿದೆ. ಬಾಗಿಲು ಮುಚ್ಚಿದ್ದನ್ನೂ ಹೇಳಿದೆ. ಅದನ್ನು ಅಲ್ಲಿಯವರೆಗೆ ನನ್ನ ಯಜಮಾನರಿಗೂ ಹೇಳಿರಲಿಲ್ಲ. ಅವಳು ಕಂಡಿಕೆಯನ್ನು ಬೆರಳಲ್ಲಿ ತಿರುಗಿಸುತ್ತಾ ಕೇಳಿದಳು, ಏನೂ ಹೇಳಲಿಲ್ಲ. ನಾನು ಮುಂದಿನ ಬಸ್ಸಿಗೆ ಬಂದೆ.

ಸೋಮವಾರ ತಾತ ಹೋಟೆಲಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಮೊಮ್ಮಗನ ಹೆಗಲು ಹಿಡಿದುಕೊಂಡು ನಿಧಾನ ಮೆಟ್ಟಿಲು ಹತ್ತಿದರು. “ಅರ್ಧ ಗಂಟೆ ಅಂತ ಹೇಳಿ ಕಳ್ಸವ್ಳೆ” ಎಂದು ಗೋಡೆಯ ಗಡಿಯಾರ ನೋಡಿಕೊಂಡು ಬೆಂಚಿನ ಮೇಲೆ ಕುಳಿತರು. ಪೋಸ್ಟ್‌ಮ್ಯಾನ್ ತಾತ ಬೈ ಟು ಹೇಳಿದರು. ಹುಡುಗನಿಗೆ ನಾನು ಒಂದು ಬಜ್ಜಿ ಕೊಡಿಸಿದೆ. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು, ಆದರೂ ಪೂರ್ತಿ ತಿಂದ.